ಥರ್ಮಾಕೋಲ್ ತುಂಬಿಸಿದ ಪಾರ್ಟಿಷನ್ ಟಿವಿ ಸದ್ದು ತಡೆಯುತ್ತದೆಯೇ?

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಹಾಲ್ 18 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಮಗಳು ಸೆಕೆಂಡ್ ಪಿಯುಸಿ. ಒಂದು ತುದಿಯಲ್ಲಿ 7 ಅಡಿ ಬಿಟ್ಟು ಪಾರ್ಟಿಷನ್ ಹಾಕಿಸಿ ಓದುವ ಕೋಣೆ ಮಾಡೋಣ ಅಂತಿದ್ದೇವೆ. ಎರಡು ಪ್ಲೈವುಡ್ ನಡುವೆ ಥರ್ಮಾಕೋಲ್ ತುಂಬಿಸಿದರೆ ಸದ್ದು ಬರಲ್ಲ, ಎತ್ತರ 7 ಅಡಿ ಸಾಕು, ಮೇಲೆ ಗಾಳಿಗೆ ಬಿಡಿ ಅಂತಾರೆ ಕಾರ್ಪೆಂಟರ್. ಸರಿಯೇ?

ಉತ್ತರ: ಸರಿಯಲ್ಲ. ಥರ್ಮಾಕೋಲ್ ಸದ್ದು ತಡೆಯುವುದಿಲ್ಲ. ಮೇಲಿನ 3 ಅಡಿ ತೆರೆದಿಟ್ಟರಂತೂ ನಡುವೆ ಏನು ತುಂಬಿಸಿದರೂ ಒಂದೇ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ.

ಥರ್ಮಾಕೋಲ್ ತಡೆಯುವುದು ಬಿಸಿಯನ್ನು. ಮೀನಿನ ಪೆಟ್ಟಿಗೆಯಲ್ಲಿ ಐಸ್ ಕರಗದಿರುವುದು ಅದರಿಂದಲೇ. ಬಿಸಿ ತಡೆಯುವುದು ಸದ್ದನ್ನೂ ತಡೆದೀತು ಎಂಬ ಊಹೆಯಿಂದ ಈ ನಂಬಿಕೆ ಹುಟ್ಟಿದೆ. ಆದರೆ ಸದ್ದು ಎಂದರೆ ಗಾಳಿಯ ನಡುಕ. ಅದು ಗೋಡೆಯನ್ನು ನಡುಗಿಸುತ್ತದೆ, ಗೋಡೆ ಆಚೆ ಕಡೆಯ ಗಾಳಿಯನ್ನು ನಡುಗಿಸುತ್ತದೆ. ನಡುಗದಿರಬೇಕಾದರೆ ಗೋಡೆಗೆ ತೂಕ ಬೇಕು. ತೂಕ ಎರಡು ಪಟ್ಟಾದರೆ ಆಚೆ ಹೋಗುವ ಸದ್ದು ಹೆಚ್ಚೆಂದರೆ 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಕಿವಿಗೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು.

ಈಗ ತೂಗಿ ನೋಡಿ. 12 ಎಂ.ಎಂ. ಪ್ಲೈವುಡ್ ಒಂದು ಚದರ ಮೀಟರಿಗೆ ಸುಮಾರು 7ರಿಂದ 8 ಕಿಲೋ, ಎರಡು ಹಾಳೆ ಸೇರಿದರೆ 15. ನಡುವೆ ತುಂಬಿಸುವ 2 ಇಂಚಿನ ಥರ್ಮಾಕೋಲ್ ಮುಕ್ಕಾಲು ಕಿಲೋ. ಅಂದರೆ ತೂಕ ನೂರಕ್ಕೆ ಐದರಷ್ಟು ಹೆಚ್ಚಿತು, ಸದ್ದು ಅರ್ಧ ಡೆಸಿಬೆಲ್ ಕೂಡ ಇಳಿಯಲಿಲ್ಲ. ಎರಡೂ ಕಡೆ ಗಾರೆ ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಪಕ್ಕದ ರೂಮಿನ ಟಿವಿ ಮಂದವಾಗಿ ಕೇಳುವುದು ಆ ತೂಕದಿಂದ. ಹಾಗೆಂದು ಇಟ್ಟಿಗೆ ಕಟ್ಟಿಸಬೇಡಿ. ನಿಮ್ಮ ಅಳತೆಯ ಗೋಡೆ ಎರಡು ಟನ್ ಮೀರುತ್ತದೆ, ಮಹಡಿ ಮನೆಯಾದರೆ ಕೆಳಗೆ ತೊಲೆ ಇಲ್ಲದ ನೆಲದ ಮೇಲೆ ಅದನ್ನು ಹೊರಿಸುವಂತಿಲ್ಲ.

"ತೂಕ ಬೇಡ, ಸದ್ದು ಹೀರಿಕೊಂಡರೆ ಸಾಕಲ್ಲ" ಎನ್ನುವವರಿಗೆ: ಥರ್ಮಾಕೋಲ್ ಹೀರುವುದೂ ಇಲ್ಲ. ಸದ್ದು ಹೀರಬೇಕಾದರೆ ಗಾಳಿ ಒಳಗೆ ನುಗ್ಗಿ ಎಳೆಗಳ ನಡುವೆ ಉಜ್ಜಾಡಬೇಕು. ಥರ್ಮಾಕೋಲಿನ ಗುಳ್ಳೆಗಳು ಮುಚ್ಚಿದ ಗುಳ್ಳೆಗಳು, ಗಾಳಿ ಒಳಗೆ ಹೋಗುವುದೇ ಇಲ್ಲ. ಸಾಲದ್ದಕ್ಕೆ ಎರಡೂ ಪ್ಲೈವುಡ್ಡಿಗೆ ಅಂಟಿಕೊಂಡು ನಿಂತರೆ, ಈ ಹಾಳೆಯ ನಡುಕವನ್ನು ಆ ಹಾಳೆಗೆ ದಾಟಿಸುವ ಸೇತುವೆಯಾಗುತ್ತದೆ. ಖಾಲಿ ಬಿಟ್ಟಿದ್ದರೇ ವಾಸಿ. ನಂಬಿಕೆ ಬರದಿದ್ದರೆ ಹಾಡುತ್ತಿರುವ ಮೊಬೈಲಿನ ಮುಂದೆ ಒಮ್ಮೆ ಥರ್ಮಾಕೋಲ್ ಹಾಳೆ, ಒಮ್ಮೆ ಅಡುಗೆಮನೆಯ ಮಣೆ ಹಿಡಿದು ನೋಡಿ. ಮೊಟ್ಟೆ ಟ್ರೇ ಮತ್ತು ಸ್ಟುಡಿಯೋ ಫೋಮ್ ಬಗ್ಗೆ ಕೇಳುವವರೂ ಇದ್ದಾರೆ. ಫೋಮ್ ರೂಮಿನೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಸದ್ದನ್ನು ನಿಲ್ಲಿಸುವುದಿಲ್ಲ. ಮೊಟ್ಟೆ ಟ್ರೇ ಆ ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಪಾರ್ಟಿಷನ್ ಒಳಗೆ ಸ್ವಿಚ್‌ಬೋರ್ಡ್ ವೈರ್ ಹಾಯುತ್ತದೆ. ಒಂದು ಕಿಡಿ ತಾಗಿದರೆ ಥರ್ಮಾಕೋಲ್ ಕರಗಿ, ಹನಿಹನಿಯಾಗಿ ಉರಿದು, ಕಪ್ಪು ಹೊಗೆ ಕಾರುತ್ತದೆ. ಮಗು ಓದುವ ಕೋಣೆಯ ಗೋಡೆಯೊಳಗೆ ಇಡುವ ವಸ್ತುವಲ್ಲ ಅದು.

ಇನ್ನು ಸಂದು. ತೂತು ಬಿಂದಿಗೆಯ ದಪ್ಪ ಎಷ್ಟಿದ್ದರೇನು? ನಿಮ್ಮ ಪಾರ್ಟಿಷನ್ ಜಾಗ 10ಕ್ಕೆ 10, ನೂರು ಚದರ ಅಡಿ. ಮೇಲೆ 3 ಅಡಿ ಬಿಟ್ಟರೆ ನೂರಕ್ಕೆ ಮೂವತ್ತು ಭಾಗ ತೆರೆದಂತೆ. ಆಗ ಉಳಿದ ಎಪ್ಪತ್ತು ಭಾಗವನ್ನು ಕಗ್ಗಲ್ಲಿನಲ್ಲಿ ಕಟ್ಟಿದರೂ ಸದ್ದು ಇಳಿಯುವುದು 5 ಡೆಸಿಬೆಲ್. ನೂರಕ್ಕೆ ಒಂದೇ ಭಾಗ, ಅಂದರೆ ಒಂದು ಚದರ ಅಡಿ ತೆರೆದಿದ್ದರೂ ಇಳಿಕೆ 20 ಡೆಸಿಬೆಲ್ ದಾಟುವುದಿಲ್ಲ. ಮೇಲ್ಗಡೆ ಉದ್ದಕ್ಕೂ ಅರ್ಧ ಇಂಚು ಸಂದು ಬಿಟ್ಟರೆ 24ಕ್ಕೆ ನಿಂತಿತು. ಫಾಲ್ಸ್ ಸೀಲಿಂಗ್ ಇರುವ ಮನೆಯಲ್ಲಿ ಪಾರ್ಟಿಷನ್ನನ್ನು ಅದರ ಕೆಳಗೇ ನಿಲ್ಲಿಸಿದರೂ ಇದೇ ಕತೆ, ಸದ್ದು ಮೇಲಿನಿಂದ ಹಾರಿ ಬರುತ್ತದೆ. ತಾರಸಿಯವರೆಗೆ ಹೋಗಬೇಕು.

ಹಾಗಾದರೆ ಮಾಡಿಸಬೇಕಾದದ್ದು: ಜಿಐ (ಸತು ಲೇಪಿಸಿದ ತಗಡಿನ) ಚಾನೆಲ್ ಮತ್ತು ಸ್ಟಡ್ (ನೆಟ್ಟಗೆ ನಿಲ್ಲುವ ಕಂಬಿ) ಮೇಲೆ ಎರಡೂ ಕಡೆ 12.5 ಎಂ.ಎಂ. ಜಿಪ್ಸಮ್ ಬೋರ್ಡ್, ನಡುವೆ ಗಾಳಿ ನುಗ್ಗುವ ಎಳೆಗಳಿರುವ 50 ಎಂ.ಎಂ. ಗ್ಲಾಸ್ ವೂಲ್ ಅಥವಾ ರಾಕ್ ವೂಲ್. ನೆಲಕ್ಕೂ ತಾರಸಿಗೂ ಚಾನೆಲ್ ಸುಮಾರು 20 ಅಡಿ. ಎರಡೆರಡು ಅಡಿಗೆ ಒಂದು ಸ್ಟಡ್, ಬಾಗಿಲ ಪಕ್ಕದ ಎರಡೂ ಸೇರಿ 8. ಎರಡೂವರೆ ಅಡಿ ಬಾಗಿಲು ಕಳೆದರೆ 6ಕ್ಕೆ 4 ಅಡಿಯ ಬೋರ್ಡ್ 8. ಟಿವಿ ಇರುವ ಕಡೆ ಎರಡನೇ ಪದರ ಹಾಕಿಸುವುದಾದರೆ ಇನ್ನೂ 4, ಆದರೆ ಮೊದಲ ಪದರದ ಜೋಡಣೆಯ ಮೇಲೆ ಎರಡನೆಯದರ ಜೋಡಣೆ ಬರಕೂಡದು. ಸ್ಕ್ರೂ ಮೊದಲ ಪದರಕ್ಕೆ 25 ಎಂ.ಎಂ., ಎರಡನೆಯದಕ್ಕೆ 35, ಅಡಿಗೊಂದರಂತೆ. ಸ್ಟಡ್ಡನ್ನು ತಾರಸಿಗೆ ತಗುಲುವಂತೆ ಬಿಗಿಯಬಾರದು, 10 ಎಂ.ಎಂ. ಕಡಿಮೆ ಕತ್ತರಿಸಬೇಕು, ಇಲ್ಲದಿದ್ದರೆ ಒಂದೆರಡು ವರ್ಷದಲ್ಲಿ ಪುಟ್ಟಿ ಸೀಳುತ್ತದೆ. ನಾಲ್ಕೂ ಅಂಚಿನ ಸಂದಿಗೆ ಎರಡೂ ಕಡೆಯಿಂದ ಅಕ್ರಿಲಿಕ್ ಸೀಲೆಂಟ್, 300 ಮಿ.ಲೀ.ನ 3 ಟ್ಯೂಬ್. ಕೆಲಸದವರು ಮೊದಲು ಬಿಟ್ಟುಬಿಡುವುದು ಇದನ್ನೇ, ಪಕ್ಕದಲ್ಲಿ ನಿಂತು ಮಾಡಿಸಿ. ಸ್ವಿಚ್‌ಬೋರ್ಡ್‌ಗಳು ಬೆನ್ನಿಗೆ ಬೆನ್ನು ಬಂದರೆ ಅಲ್ಲಿಯೇ ಕಿಂಡಿಯಾಗುತ್ತದೆ, ಒಂದು ಸ್ಟಡ್‌ನಷ್ಟು ಆಚೀಚೆ ಇರಲಿ. ಬಾಗಿಲು ಟೊಳ್ಳು ಫ್ಲಶ್ ಡೋರ್ ಬೇಡ, ಗಟ್ಟಿ ತಿರುಳಿನದ್ದು ತನ್ನಿ. ಚೌಕಟ್ಟಿಗೆ ರಬ್ಬರ್ ಪಟ್ಟಿ, ಕೆಳಗಿನ ಸಂದಿಗೆ ಇನ್ನೊಂದು. ಇಷ್ಟಾದರೆ ಟಿವಿಯ ಮಾತು ಅರ್ಥವಾಗದಷ್ಟು ಮಂದವಾಗುತ್ತದೆ. ಪೂರ್ತಿ ನಿಶ್ಶಬ್ದ ಬೇಕೆಂದರೆ ಟಿವಿ ಆರಿಸಿ.

ಜಿಪ್ಸಮ್‌ಗೆ ನೀರು ಆಗದು. ದಿನಾ ನೆಲ ಒರೆಸುವ ಮನೆಯಲ್ಲಿ ಬೋರ್ಡನ್ನು ನೆಲದಿಂದ 10 ಎಂ.ಎಂ. ಎತ್ತಿ ನಿಲ್ಲಿಸಿ, ಸಂದಿಗೆ ಸೀಲೆಂಟ್ ತುಂಬಿ, 4 ಇಂಚಿನ ಪಿವಿಸಿ ಸ್ಕರ್ಟಿಂಗ್ ಹಾಕಿಸಬೇಕು. ಬಾಡಿಗೆ ಮನೆಯಾದ್ದರಿಂದ ಟೈಲ್ಸ್ ನಡುವೆ ತೂತು ಕೊರೆಯಲು ಬಿಡಬೇಡಿ, ಟೈಲ್ಸ್ ಜಾಯಿಂಟ್ ಮೇಲೆಯೇ 6 ಎಂ.ಎಂ. ಬಿಟ್‌ನಲ್ಲಿ ಕೊರೆಸಿ. ಬಿಚ್ಚಿದ ಮೇಲೆ ಗ್ರೌಟ್ ತುಂಬಿದರೆ ಗುರುತು ಅಷ್ಟಾಗಿ ಕಾಣದು. ಗೋಡೆಯ ತೂತು ಪುಟ್ಟಿಯಲ್ಲಿ ಮುಚ್ಚುತ್ತದೆ, ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್ ಮುರಿದುಕೊಳ್ಳುವುದು ಹೇಗಿದ್ದರೂ ಇದ್ದದ್ದೇ. ಆದರೂ ಮಾಲೀಕರಿಂದ ಮೊದಲೇ ಒಂದು ಮಾತು, ಬರಹದಲ್ಲಿ, ಪಡೆದಿರಿ.

ಬರೀ ಮರೆ ಸಾಕು, ಸದ್ದಿನ ಗೊಡವೆ ಇಲ್ಲ ಎನ್ನುವವರಿಗೆ ಇದ್ಯಾವುದೂ ಬೇಡ. ತಾರಸಿಗೆ ಟ್ರ್ಯಾಕ್ ಹಾಕಿ, ಅಗಲದ ಎರಡು ಪಟ್ಟು ಬಟ್ಟೆಯ ಪರದೆ. ಅಥವಾ ಒಂದು ಅಡಿ ಆಳದ ಪುಸ್ತಕದ ಕಪಾಟು, ಭಾರವೆಲ್ಲ ಕೆಳಗಿನ ತಟ್ಟೆಗಳಲ್ಲಿ, ಮೇಲ್ತುದಿ ಪಕ್ಕದ ಗೋಡೆಗೆ ಎಲ್ ಕ್ಲ್ಯಾಂಪ್‌ನಲ್ಲಿ ಬಿಗಿದಿರಬೇಕು.

ನೀವು ಕೇಳದ ಇನ್ನೊಂದು ಮಾತಿದೆ. ನಿಮ್ಮ ಫ್ಯಾನ್ ಎಲ್ಲಿದೆ? 18 ಅಡಿ ಹಾಲಿನಲ್ಲಿ ಒಂದೇ ಕೊಂಡಿ ಇದ್ದರೆ ಸಾಮಾನ್ಯವಾಗಿ ಅದು ನಡುವೆ, 9 ಅಡಿಗೆ. ಪಾರ್ಟಿಷನ್ ಬರುವುದು 11ನೇ ಅಡಿಗೆ. ನಡುವೆ ಉಳಿದದ್ದು 2 ಅಡಿ. 48 ಇಂಚಿನ ಫ್ಯಾನಿನ ರೆಕ್ಕೆ ತುದಿ ಕೊಂಡಿಯಿಂದ ಸರಿಯಾಗಿ 2 ಅಡಿ ದೂರ ಸುತ್ತುತ್ತದೆ. ಅಂದರೆ ರೆಕ್ಕೆ ನೇರ ಬೋರ್ಡಿಗೆ ಬಡಿಯುತ್ತದೆ! ಗೆರೆ ಎಳೆಯುವಾಗ ಎಲ್ಲರೂ ನೆಲ ನೋಡುತ್ತಾರೆ, ತಲೆ ಎತ್ತುವುದಿಲ್ಲ. ರೆಕ್ಕೆಗೂ ಗೋಡೆಗೂ ಒಂದೂವರೆ ಅಡಿಯಾದರೂ ಇಲ್ಲದಿದ್ದರೆ ಗಾಳಿ ಸರಿಯಾಗಿ ಬೀಸುವುದಿಲ್ಲ. ಓದುವ ಕೋಣೆಯನ್ನು 6 ಅಡಿಗೆ ಇಳಿಸಿ, ಹಾಲ್‌ಗೆ 36 ಇಂಚಿನ ಫ್ಯಾನ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. 2 ಅಡಿ ಮೇಜು, ಕುರ್ಚಿ, ಪುಸ್ತಕದ ತಟ್ಟೆಗೆ 6 ಅಡಿ ಸಾಕು.

ಕಿಟಕಿ ಓದುವ ಕೋಣೆಯ ಪಾಲಾಗಿ ಹಾಲ್ ಕತ್ತಲಾಗುವುದಾದರೆ ಪಾರ್ಟಿಷನ್ನಿನ ಮೇಲಿನ ಎರಡು ಅಡಿಗೆ ಗಾಜು ಹಾಕಿಸಿ. 6 ಎಂ.ಎಂ. ಗಾಜು ಚದರ ಮೀಟರಿಗೆ 15 ಕಿಲೋ, ನಿಮ್ಮ ಕಾರ್ಪೆಂಟರ್ ಹೇಳಿದ ಎರಡು ಪ್ಲೈವುಡ್ಡಿನಷ್ಟೇ ತೂಕ. ಗಾಜು ಹಿಡಿಯುವ ಬೀಡಿಂಗ್ ಪಟ್ಟಿಯ ಸುತ್ತ ಸಂದಿಲ್ಲದಂತೆ ಸಿಲಿಕಾನ್ ಹಾಕಿದರಾಯಿತು. ಗಾಳಿಗೆ ಒಂದು ವಾಲ್ ಫ್ಯಾನ್, 7 ಅಡಿ ಎತ್ತರದಲ್ಲಿ. ಅದನ್ನು ಮಾತ್ರ ಇಟ್ಟಿಗೆ ಗೋಡೆಗೇ ಹೊಡೆಸಿ. ಪಾರ್ಟಿಷನ್ನಿಗೆ ಹೊಡೆದರೆ ಮೋಟರಿನ ನಡುಕ ಬೋರ್ಡಿಗೆ ಇಳಿದು, ಇಷ್ಟು ಕಷ್ಟಪಟ್ಟು ಕಟ್ಟಿದ ಗೋಡೆಯೇ ರಾತ್ರಿಯಿಡೀ ಗುಂಯ್‌ಗುಡುತ್ತದೆ.