ಪಂಕ್ತಿಯಲ್ಲಿ ಕೂರುವುದೂ ಯೋಗವಾದ ಕಥೆ

ಗುರುದ್ವಾರದಲ್ಲಿ ಚಪ್ಪಲಿ ಬಿಡುವ ಜಾಗಕ್ಕೆ ಜೋಡಾ ಘರ್ ಅಂತಾರೆ. ಅಮೃತಸರದ ಹರಿಮಂದಿರದಲ್ಲಿ, ಅಂದರೆ ಸ್ವರ್ಣಮಂದಿರದಲ್ಲಿ, ನಮ್ಮ ಧೂಳು ಹಿಡಿದ ಚಪ್ಪಲಿಯನ್ನು ಕೈಯಲ್ಲಿ ತೆಗೆದುಕೊಳ್ಳುವವರಲ್ಲಿ ಅಂಗಡಿ ಮಾಲೀಕರೂ ಇರುತ್ತಾರೆ, ನಿವೃತ್ತ ಅಧಿಕಾರಿಗಳೂ ಇರುತ್ತಾರೆ. ಸಂಬಳಕ್ಕೆ ಬಂದವರಲ್ಲ. ಏನೋ ಪುಣ್ಯದ ಕೆಲಸ ಅಂದುಕೊಂಡು ನಾವು ಸುಮ್ನೆ ಒಳಗೆ ಹೋಗಿಬಿಡುತ್ತೇವೆ. ಸಿಖ್ಖರಿಗೆ ಇದು ದಾನಧರ್ಮ ಅಲ್ಲ, ಧ್ಯಾನಕ್ಕೆ ಕೂತಷ್ಟೇ ದೊಡ್ಡ ಸಾಧನೆ. ಇದರ ಬೇರು ಹುಡುಕುತ್ತಾ ಹೋದರೆ ಯೋಗಿಗಳ ಜೊತೆ ನಡೆದ ಒಂದು ವಾದ ಸಿಗುತ್ತದೆ.

ಫಲ ಬಯಸದೆ ಕೆಲಸ ಮಾಡು ಅನ್ನುವ ಕರ್ಮಯೋಗದ ಮಾತು ಗೀತೆಯಷ್ಟು ಹಳೆಯದು. ಆದರೆ ಗುರು ನಾನಕರ ಕಾಲದ (1469-1539) ಪಂಜಾಬಿನಲ್ಲಿ ಯೋಗಿ ಅಂದರೆ ಜನರ ಕಣ್ಣಮುಂದೆ ಬರುತ್ತಿದ್ದವರು ಗೋರಖನಾಥರ ಪಂಥದವರು. ಕಿವಿ ಸೀಳಿ ಹಾಕಿದ ಕುಂಡಲ, ಮೈಗೆ ಬೂದಿ, ಕೈಯಲ್ಲಿ ದಂಡ. ನಾನಕರು ಅವರನ್ನು ಎದುರಿಸಿದ ಬಗೆಯನ್ನು ಸಿಖ್ ಕವಿ ಭಾಯಿ ಗುರುದಾಸರು ಹೇಳಿದ್ದಾರೆ: ಸಿದ್ಧರೆಲ್ಲ ಬೆಟ್ಟದಲ್ಲಿ ಅಡಗಿ ಕೂತರೆ ಲೋಕವನ್ನು ದಾಟಿಸುವವರು ಯಾರು? ಮನೆ ಬಿಟ್ಟೆವು ಅನ್ನುತ್ತೀರಿ, ಊಟಕ್ಕೆ ಮತ್ತೆ ಸಂಸಾರಿಗಳ ಬಾಗಿಲಿಗೇ ಬರುತ್ತೀರಲ್ಲ? ಹಾಗಂತ ನಾನಕರು ಯೋಗ ಅನ್ನುವ ಪದವನ್ನು ಬಿಡಲಿಲ್ಲ. ಯೋಗ ಕೌದಿಯಲ್ಲಿಲ್ಲ, ದಂಡದಲ್ಲಿಲ್ಲ, ಬೂದಿಯಲ್ಲಿಲ್ಲ, ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡುವವನೇ ಯೋಗಿ ಅಂತ ಹಾಡಿದರು.

ಸರಿ, ಜಾತಿಯೊಳಗೇ ಹುಟ್ಟಿ ಬೆಳೆದ ಮನುಷ್ಯನಿಗೆ ಆ ಕಣ್ಣು ಬರೀ ಹಾಡು ಕೇಳಿದರೆ ಬರುತ್ತಾ? ಬರಲ್ಲ. ಮೈ ಬಗ್ಗಬೇಕು. ನಾನಕರು ಕೊನೆಯ ವರ್ಷಗಳಲ್ಲಿ ಕರ್ತಾರಪುರದಲ್ಲಿ ಹೊಲ ಉತ್ತರು, ಎಲ್ಲರೂ ಒಟ್ಟಿಗೆ ಉಂಡರು. ಎರಡನೆಯ ಗುರು ಅಂಗದರ ಕಾಲದಲ್ಲಿ ಅವರ ಹೆಂಡತಿ ಮಾತಾ ಖೀವಿ ಲಂಗರ್ (ಎಲ್ಲರಿಗೂ ಊಟ ಹಾಕುವ ಅಡುಗೆಮನೆ) ನೋಡಿಕೊಂಡರು. ತುಪ್ಪ ಹಾಕಿದ ಅವರ ಪಾಯಸದ ಮಾತು ಗುರು ಗ್ರಂಥ ಸಾಹಿಬ್‌ನಲ್ಲೇ ಇದೆ. ಅಡುಗೆಮನೆಯ ಹೆಣ್ಣುಮಗಳೊಬ್ಬಳ ಹೆಸರು ಧರ್ಮಗ್ರಂಥದಲ್ಲಿ ನಿಂತಿದೆ ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮೂರನೆಯ ಗುರು ಅಮರದಾಸರು ಅರವತ್ತು ದಾಟಿದ ವಯಸ್ಸಿನಲ್ಲಿ ದಿನಾ ಬಿಯಾಸ್ ನದಿಯಿಂದ ಗುರುವಿಗಾಗಿ ನೀರು ಹೊತ್ತವರು. 1552ರಲ್ಲಿ ಗುರುವಾದ ಮೇಲೆ ಅವರು ಒಂದು ನಿಯಮ ತಂದರು. ಮೊದಲು ಪಂಗತ್ (ಪಂಕ್ತಿ), ಆಮೇಲೆ ಸಂಗತ್ (ಸತ್ಸಂಗ). ಅಂದರೆ ನನ್ನನ್ನು ನೋಡಬೇಕಾದರೆ ಮೊದಲು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡು ಬಾ. ಅಕ್ಬರನೂ ಗೋಯಿಂದವಾಲಕ್ಕೆ ಬಂದಾಗ ಹಾಗೇ ಕೂತು ಉಂಡ ಅನ್ನುತ್ತದೆ ಸಿಖ್ ಪರಂಪರೆ.

ಸಿಖ್ಖರಲ್ಲಿ ಹೌಮೈ ಅನ್ನುವ ಪದವಿದೆ. ನಾನು, ನಾನು ಅನ್ನುವ ರೋಗ. ಸೇವೆ ಅದಕ್ಕೆ ಮದ್ದು. ನನ್ನ ಮಟ್ಟಿಗೆ ಈ ಮದ್ದಿನಲ್ಲಿ ಬಡಿಸುವುದಕ್ಕಿಂತ ಕೂರುವುದೇ ಜಾಸ್ತಿ ಕಹಿ. ಯಾಕೆಂದರೆ ಬಡಿಸುವವನಿಗೆ ನಾನು ಕೊಟ್ಟೆ ಅನ್ನುವ ಹೆಮ್ಮೆ ಹೇಗೋ ನುಸುಳಬಹುದು, ಆದರೆ ಯಾರ ಮನೆಯ ನೀರನ್ನೂ ಮುಟ್ಟದೆ ಬದುಕಿದವನು ಯಾರದೋ ಪಕ್ಕದಲ್ಲಿ ನೆಲದ ಮೇಲೆ ಕೂತು ರೊಟ್ಟಿಗೆ ಎರಡೂ ಕೈ ಚಾಚಿದಾಗ ಅವನ ಹತ್ತಿರ ಹೆಮ್ಮೆಪಡಲು ಏನೂ ಉಳಿದಿರುವುದಿಲ್ಲ. ದಾಸೋಹ ಗೊತ್ತಿರುವ ನಮಗೆ ಇದು ಬೇಗ ಹಿಡಿಸುತ್ತದೆ ಅಲ್ವಾ?

ನಮ್ಮ ಬೀದರಿಗೂ ಇದರಲ್ಲಿ ಪಾಲಿದೆ. ನಾನಕರ ಹೆಸರಿನ ಝೀರಾ (ನೀರಿನ ಚಿಲುಮೆ) ಅಲ್ಲಿದೆ, ಅದಷ್ಟೇ ಅಲ್ಲ. 1699ರ ಬೈಸಾಖಿಯಂದು ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಚಂದ್. ಕ್ಷೌರಿಕರ ಮನೆಯವರು. ಆ ಐವರಿಗೆ ದೀಕ್ಷೆಯ ಅಮೃತ ಕೊಟ್ಟ ಗುರುಗಳು ಆಮೇಲೆ ಅವರ ಮುಂದೆಯೇ ತಲೆಬಾಗಿ ತಾವೂ ಅಮೃತ ಪಡೆದರು. ಮುಂದೆ ಆನಂದಪುರದ ಯುದ್ಧದಲ್ಲಿ ಭಾಯಿ ಕನ್ಹಯ್ಯ ಗಾಯಗೊಂಡ ಶತ್ರುಗಳಿಗೂ ನೀರು ಕುಡಿಸಿದರು. ಜನ ದೂರು ಕೊಟ್ಟಾಗ ಗುರುಗಳು ಬೈಯಲಿಲ್ಲ, ಗಾಯಕ್ಕೆ ಹಚ್ಚಲು ಮುಲಾಮನ್ನೂ ಕೊಟ್ಟು ಕಳಿಸಿದರು ಅನ್ನುತ್ತಾರೆ.

ಕರ್ಮಯೋಗ ಸಂಸ್ಥೆಯಾಗಿ ಬೀದಿಗೆ ಇಳಿದದ್ದು ತುಂಬಾ ತಡವಾಗಿ. ವಿವೇಕಾನಂದರು ರಾಮಕೃಷ್ಣ ಮಿಷನ್ ಕಟ್ಟಿದ್ದು 1897ರಲ್ಲಿ. ಎರಡು ವರ್ಷದ ನಂತರ ಕಲ್ಕತ್ತದಲ್ಲಿ ಪ್ಲೇಗ್ ಹಬ್ಬಿದಾಗ ಸೋದರಿ ನಿವೇದಿತಾ ಕೈಯಾರೆ ಬೀದಿ ಗುಡಿಸಿದರು.

ಆದರೆ ಅಷ್ಟರಲ್ಲಿ ಹರಿಮಂದಿರದಲ್ಲೇ ಪಂಕ್ತಿ ಮುರಿದಿತ್ತು. ಗುರುದ್ವಾರಗಳು ಮಹಂತರ, ಪೂಜಾರಿಗಳ ಕೈ ಸೇರಿದ್ದವು. 1920ರ ಅಕ್ಟೋಬರ್ 12ರಂದು ಹೊಸದಾಗಿ ಸಿಖ್ಖರಾದ ದಲಿತರು ಕಡಾ ಪ್ರಸಾದ (ಗೋಧಿ ಹಿಟ್ಟಿನ ಸಿಹಿ) ತಂದರೆ ಪೂಜಾರಿಗಳು ಮುಟ್ಟಲು ಒಪ್ಪಲಿಲ್ಲ. ವಾದವೋ ವಾದ. ಕೊನೆಗೆ ಗ್ರಂಥವನ್ನೇ ಕೇಳೋಣ ಅಂತ ಗುರು ಗ್ರಂಥ ಸಾಹಿಬ್ ತೆರೆದರು. ಸಿಕ್ಕಿದ್ದು ಆ ಅಮರದಾಸರದೇ ಪದ: ಗುಣವಿಲ್ಲದವರನ್ನೂ ಅವನೇ ಕ್ಷಮಿಸುತ್ತಾನೆ ಸೋದರ, ಸದ್ಗುರುವಿನ ಸೇವೆಗೆ ಹಚ್ಚುತ್ತಾನೆ. ಪ್ರಸಾದ ಸ್ವೀಕಾರವಾಯಿತು. ಹರಿಮಂದಿರದ ಎದುರಿಗಿರುವ ಸಿಖ್ಖರ ಧರ್ಮಪೀಠ ಅಕಾಲ್ ತಖ್ತ್‌ನ ಪೂಜಾರಿಗಳು ಜಾಗ ಬಿಟ್ಟು ಹೋದರು. ಮುಂದಿನ ತಿಂಗಳೇ ಗುರುದ್ವಾರಗಳನ್ನು ನೋಡಿಕೊಳ್ಳಲು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು, 1925ರಲ್ಲಿ ಕಾನೂನೂ ಬಂತು.

ಇವತ್ತು ಹರಿಮಂದಿರದ ಲಂಗರಿನಲ್ಲಿ ದಿನಕ್ಕೆ 50,000ಕ್ಕೂ ಜಾಸ್ತಿ ಜನ ಒಂದೇ ನೆಲದ ಮೇಲೆ ಕೂತು ಉಣ್ಣುತ್ತಾರೆ. ಅದೇ ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇನ್ನೂ ಇವೆ.