ಸಮ್ಮತಿ, ಸಂತ್ರಸ್ತೆಯ ಸಾಕ್ಷ್ಯ, ಮತ್ತೆ ನನ್ನನ್ನು ಕಾಡಿಸಿದ ಕಲಂ 120

ಅತ್ಯಾಚಾರದ ಪ್ರಕರಣದಲ್ಲಿ ಮಹಿಳೆಯ ಸಮ್ಮತಿ ಎಂದರೇನು ಅನ್ನೋದು ಭಾರತೀಯ ನ್ಯಾಯ ಸಂಹಿತೆಯ ಕಲಂ 63ರಲ್ಲಿದೆ. ಹಳೇ ಭಾರತೀಯ ದಂಡ ಸಂಹಿತೆಯ ಕಲಂ 375ಕ್ಕೆ 2013ರಲ್ಲಿ ಸೇರಿಸಿದ ವಿವರಣೆಯೇ ಇಲ್ಲಿಗೂ ಬಂದಿದೆ. ಮಾತಿನಲ್ಲೋ ಸನ್ನೆಯಲ್ಲೋ, ಆ ನಿರ್ದಿಷ್ಟ ಕ್ರಿಯೆಗೆ ಒಪ್ಪಿಗೆ ಇದೆ ಎಂದು ಅವಳು ತಾನಾಗಿ, ಸ್ಪಷ್ಟವಾಗಿ ತಿಳಿಸಿರಬೇಕು. ಪ್ರತಿಭಟಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅನ್ನುವಂತಿಲ್ಲ.

ನಾನು ಎಡವಿದ್ದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 120ರಲ್ಲಿ (ಹಳೇ ಸಾಕ್ಷ್ಯ ಕಾಯ್ದೆಯ 114ಎ). ಒಪ್ಪಿರಲಿಲ್ಲ ಎಂದು ಅವಳು ಹೇಳಿದರೆ ನ್ಯಾಯಾಲಯ ಹಾಗೇ ಭಾವಿಸತಕ್ಕದ್ದು. ಹಾಗಾದ್ರೆ ಎಲ್ಲ ಕೇಸಿನಲ್ಲೂ ಹೊಣೆ ಆರೋಪಿಯ ತಲೆಗೇ ಅಲ್ವಾ ಅಂದುಕೊಂಡೆ. ಅಭ್ಯಾಸ ಪರೀಕ್ಷೆಯಲ್ಲಿ ಪಕ್ಕದ ಮನೆಯವನ ಮೇಲಿನ ಪ್ರಕರಣಕ್ಕೂ ಇದನ್ನೇ ಬರೆದು ಅಂಕ ಕಳೆದುಕೊಂಡೆ.

ಕಲಂ 120 ಅನ್ವಯಿಸಲು ಮೂರು ಬಾಗಿಲು ದಾಟಬೇಕು. ಆರೋಪ ನ್ಯಾಯ ಸಂಹಿತೆಯ ಕಲಂ 64(2)ರದ್ದಾಗಿರಬೇಕು: ಪೊಲೀಸ್ ಅಧಿಕಾರಿ, ಜೈಲು ಅಥವಾ ಆಸ್ಪತ್ರೆಯ ಸಿಬ್ಬಂದಿ, ಶಿಕ್ಷಕ, ಪೋಷಕ, ಹೀಗೆ. ಲೈಂಗಿಕ ಸಂಭೋಗ ನಡೆದಿದೆ ಎಂದು ಪ್ರಾಸಿಕ್ಯೂಷನ್ ಸಾಬೀತು ಮಾಡಿರಬೇಕು. ಒಪ್ಪಿರಲಿಲ್ಲ ಎಂದು ಅವಳು ನ್ಯಾಯಾಲಯದಲ್ಲೇ ಸಾಕ್ಷ್ಯ ನುಡಿಯಬೇಕು. ಪೊಲೀಸರ ಮುಂದೆ ಹೇಳಿದ್ದು ಸಾಲದು. ಮೂರೂ ದಾಟಿದ ಮೇಲೂ ಆರೋಪಿ ನ್ಯಾಯಾಲಯದ ಈ ಊಹೆಯನ್ನು ಸಾಕ್ಷ್ಯದಿಂದ ಅಲ್ಲಗಳೆಯಬಹುದು. ಆರೋಪ 64(1)ರದ್ದು, ಅಂದರೆ ಸಾಮಾನ್ಯ ಅತ್ಯಾಚಾರದ್ದು ಆಗಿದ್ದರೆ 120 ಇಲ್ಲವೇ ಇಲ್ಲ. ಒಪ್ಪಿಗೆ ಇರಲಿಲ್ಲ ಎಂದು ಪ್ರಾಸಿಕ್ಯೂಷನ್ನೇ ತೋರಿಸಬೇಕು.

ನೆನಪಿಗೆ ಒಂದು ದಾರಿ: ಕಲಂ ಹುಟ್ಟಿದ ಕಥೆ. ಠಾಣೆಯೊಳಗೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಹುಡುಗಿಯ ಮೈಮೇಲೆ ಗಾಯವಿಲ್ಲ ಎಂಬುದಕ್ಕೆ ತೂಕ ಕೊಟ್ಟು ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. ದೇಶವೇ ಸಿಡಿದೆದ್ದಿತು. 1983ರಲ್ಲಿ 114ಎ ಬಂತು. ಬಲ ಯಾರ ಕೈಯಲ್ಲಿತ್ತು ಅಂತ ಕೇಳಿಕೊಂಡರೆ 64(2)ರ ಪಟ್ಟಿಯ ಬಹುಪಾಲು ತಾನೇ ನೆನಪಾಗುತ್ತದೆ.

ಇನ್ನು ನಂಬಿಕೆಯ ವಿಷಯ. ಸಂತ್ರಸ್ತೆಯ ಮಾತು ನಂಬುವಂತಿದ್ದರೆ ಅದೊಂದೇ ಸಾಕು, ಬೇರೆ ಪುರಾವೆ ಬೇಕೇಬೇಕೆಂದಿಲ್ಲ (ಗುರ್ಮಿತ್ ಸಿಂಗ್ ತೀರ್ಪು, 1996). ಗಂಟೆ ಹೆಚ್ಚುಕಮ್ಮಿ ಹೇಳಿದಳು, ಅಂಗಿಯ ಬಣ್ಣ ತಪ್ಪಿದಳು, ಇವು ಚಿಲ್ಲರೆ ವ್ಯತ್ಯಾಸ. ಘಟನೆಯ ಬುಡವೇ ಅಲ್ಲಾಡುವಂತಿದ್ದರೆ ಬೇರೆ ಮಾತು. ದೂರು ತಡವಾದರೆ ಕಾರಣ ನೋಡುತ್ತಾರೆ, ಸುಮ್ನೆ ಕೇಸು ಬೀಳಿಸುವುದಿಲ್ಲ. ಸಮ್ಮತಿ ಇತ್ತೆಂದು ತೋರಿಸಲು ಪಾಟೀಸವಾಲಿನಲ್ಲಿ ಹಿಂದಿನ ಲೈಂಗಿಕ ಅನುಭವ ಕೆದಕುವಂತಿಲ್ಲ.

ಈಗ ನನ್ನ ಪಕ್ಕದ ಮನೆಯ ಪ್ರಶ್ನೆಗೆ ವಾಪಸ್. ಗಾಯವಿಲ್ಲ, ಎರಡು ದಿನ ತಡವಾಗಿ ದೂರು. 120 ಮುಟ್ಟಬೇಡಿ. 63ರ ವಿವರಣೆಯಿಂದ ಶುರು ಮಾಡಿ, ಅವಳ ಸಾಕ್ಷ್ಯ ಬುಡದಲ್ಲಿ ಗಟ್ಟಿಯಿದೆಯೇ ನೋಡಿ, ತಡಕ್ಕೆ ಕೊಟ್ಟ ಕಾರಣ ಬರೆಯಿರಿ.