ಮೊದಲ ದಿನದ ಬೂಟ್ ಕ್ಯಾಂಪ್‌ಗೇ ತೊಡೆ ಹಿಡಿದುಕೊಂಡಿದೆ, ಬಿಟ್ಟುಬಿಡಲೇ?

ಪ್ರಶ್ನೆ: ಹೈಸ್ಕೂಲು ಮುಗಿಸಿದ ಮೇಲೆ ನಾನು ಆಟವನ್ನೇ ಆಡಿಲ್ಲ. ಈಗ ನಮ್ಮ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಬೂಟ್ ಕ್ಯಾಂಪ್ ಮಾದರಿಯ ವ್ಯಾಯಾಮ ತರಬೇತಿ ಶುರುವಾಗಿದೆ. ಗುಬ್ಬಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಮೊದಲ ದಿನ ಹೋಗಿದ್ದೆ. ಮರುದಿನದಿಂದ ಮೆಟ್ಟಿಲು ಇಳಿಯಲು, ಬಸ್ಸಿನ ಸೀಟಿನಿಂದ ಏಳಲು ಆಗುತ್ತಿಲ್ಲ. ನನ್ನ ದೇಹಕ್ಕೆ ಇದು ಒಗ್ಗುವುದಿಲ್ಲವೇ? ಬಿಟ್ಟುಬಿಡಲೇ?
ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಬಿಡಬೇಡಿ. ಆದರೆ ಮೊದಲ ದಿನ ಮಾಡಿದಷ್ಟನ್ನು ಮುಂದಿನ ಸಲ ಮಾಡಬೇಡಿ. ಈ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟ ಮೇಲೆ ಕೇಳುತ್ತಾರೆ. ನೀವು ಬಿಡುವ ಮೊದಲೇ ಕೇಳಿದ್ದು ನನಗೆ ನಿಜಕ್ಕೂ ಸಂತೋಷದ ವಿಷಯ.

ಸಿದ್ಧಗಂಗೆಯ ಬೆಟ್ಟ ಹತ್ತಿ ಇಳಿದ ದಿನವನ್ನು ನೆನೆಸಿಕೊಳ್ಳಿ. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಹಗುರವೆನಿಸುತ್ತದೆ. ಆದರೆ ಮರುದಿನ ತೊಡೆ ನೋಯುವುದು ಬಹುಪಾಲು ಇಳಿದದ್ದಕ್ಕೆ. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಹಿಗ್ಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಿಗೆ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟುಗಳು ಬೀಳುತ್ತವೆ. ಬಸ್ಕಿ ಹೊಡೆಯುತ್ತ ಕೆಳಗೆ ಕೂರುವಾಗ, ಪುಷ್-ಅಪ್‌ನಲ್ಲಿ ಎದೆಯನ್ನು ನೆಲದತ್ತ ಇಳಿಸುವಾಗ ಆಗುವುದೂ ಇದೇ. ಈ ನೋವು ಕೂಡಲೇ ಬರುವುದಿಲ್ಲ. 24ರಿಂದ 72 ಗಂಟೆಗಳ ನಡುವೆ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿದುಹೋಗುತ್ತದೆ. ಲ್ಯಾಕ್ಟಿಕ್ ಆಮ್ಲ ಸ್ನಾಯುವಿನಲ್ಲಿ ಉಳಿದುಬಿಟ್ಟಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಒಮ್ಮೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಅದೇ ಕೆಲಸಕ್ಕೆ ಮತ್ತೆ ಅಷ್ಟು ನೋಯುವುದಿಲ್ಲ. ನಿಮ್ಮ ದೇಹ ಒಗ್ಗಿಕೊಳ್ಳುತ್ತಿರುವ ಬಗೆಯೇ ಇದು.

ಹಾಗಾದರೆ ತಪ್ಪಾದದ್ದು ಎಲ್ಲಿ? ಅಳತೆಯಲ್ಲಿ. ಬೂಟ್ ಕ್ಯಾಂಪ್ ಎಂಬ ಹೆಸರು ಅಮೆರಿಕದ ಸೇನೆಗೆ ಹೊಸದಾಗಿ ಸೇರಿದವರ ತರಬೇತಿಯಿಂದ ಬಂದದ್ದು. ಆದರೆ ಮೈದಾನದಲ್ಲಿ ನಿಮ್ಮಿಂದ ಮಾಡಿಸುವ ಕ್ರಮ, ಅಂದರೆ ಒಂದು ವ್ಯಾಯಾಮದಿಂದ ಇನ್ನೊಂದಕ್ಕೆ ಸುತ್ತು ಹೊಡೆಯುವ ಸರ್ಕಿಟ್ ತರಬೇತಿ, 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅಲ್ಲಿ ಇಡೀ ಗುಂಪಿಗೆ ಒಂದೇ ಎಣಿಕೆ ಇರಲಿಲ್ಲ. ಪ್ರತಿಯೊಬ್ಬರೂ ಒಂದೊಂದು ವ್ಯಾಯಾಮವನ್ನು ತಮ್ಮಿಂದ ಎಷ್ಟಾಗುತ್ತದೋ ಅಷ್ಟು ಮಾಡಿ ನೋಡುವುದು, ಆಮೇಲೆ ಅದರ ಅರ್ಧವನ್ನು ತಮ್ಮ ಪಾಲಿನ ಎಣಿಕೆ ಎಂದು ಇಟ್ಟುಕೊಳ್ಳುವುದು. ಈ ಅರ್ಧದ ಲೆಕ್ಕವೇ ಇಡೀ ವಿಧಾನದ ಜೀವ. ನಮ್ಮ ಮೈದಾನಗಳಲ್ಲಿ ಸೀಟಿ ಉಳಿದುಕೊಂಡಿದೆ, ಸುತ್ತುಗಳು ಉಳಿದುಕೊಂಡಿವೆ, ಅರ್ಧದ ಲೆಕ್ಕ ಮಾತ್ರ ಕಳೆದುಹೋಗಿದೆ. ಕಬಡ್ಡಿ ಆಡಿ ಬೆಳೆದ ಹುಡುಗನಿಗೂ ಮೂರು ವರ್ಷ ಬೆಂಚಿನ ಮೇಲೆ ಕುಳಿತೇ ಕಳೆದವರಿಗೂ ಐವತ್ತು ಬಸ್ಕಿ ಎಂದರೆ ಅದನ್ನು ನಾನು ಶಿಸ್ತು ಎಂದು ಒಪ್ಪುವುದಿಲ್ಲ.

ನಡೆದಾಡುವಾಗ ಹೆಚ್ಚು ತೊಂದರೆ ಇಲ್ಲವೆನಿಸಿದ ದಿನ ಮತ್ತೆ ಹೋಗಿ. ಅಲ್ಲಿಯವರೆಗೆ ಸುಮ್ಮನೆ ಮಲಗಬೇಡಿ. ಸಂಜೆ ಅಮಾನಿಕೆರೆಯ ದಂಡೆಯ ಮೇಲೆ ಇಪ್ಪತ್ತು ನಿಮಿಷ ನಡೆದರೆ ತೊಡೆ ಸಡಿಲವಾಗುತ್ತದೆ. ಮೊದಲ ಎರಡು ವಾರ ಇಪ್ಪತ್ತು ಸೆಕೆಂಡು ವ್ಯಾಯಾಮಕ್ಕೆ ನಲವತ್ತು ಸೆಕೆಂಡು ವಿರಾಮ ಸಾಕು. ಮೂರನೇ ವಾರದಿಂದ ಎರಡನ್ನೂ ಸಮ ಮಾಡಿಕೊಳ್ಳಬಹುದು. ನೆಲದ ಮೇಲೆ ಪುಷ್-ಅಪ್ ಆಗದಿದ್ದರೆ ಗೋಡೆಗೆ ಕೈಯೂರಿ ಮಾಡಿ, ಆಮೇಲೆ ಮೈದಾನದ ಕಟ್ಟೆಗೆ ಬನ್ನಿ, ನೆಲ ಕೊನೆಗೆ ಬರಲಿ. ಕಟ್ಟೆಯ ಮೇಲೆ ಎಂಟು ಆಗುತ್ತದೆಯೇ? ನಿಮ್ಮ ಎಣಿಕೆ ನಾಲ್ಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮಾಡುತ್ತಿರುವಾಗ ಪಕ್ಕದವರೊಂದಿಗೆ ಒಂದು ಪೂರ್ತಿ ವಾಕ್ಯ ಆಡಲಾಗದಷ್ಟು ಉಸಿರುಗಟ್ಟಿದರೆ ವೇಗ ತಗ್ಗಿಸಿ. ಜೊತೆಯವರಲ್ಲಿ ಕೆಲವರು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ 1,600 ಮೀಟರ್ ಓಟಕ್ಕೆಂದು ಬಂದಿರಬಹುದು. ಅವರ ಗುರಿ ಬೇರೆ, ಅವರ ಗಡಿಯಾರದ ಹಿಂದೆ ನೀವು ಓಡಬೇಕಾಗಿಲ್ಲ.

ಬೆಳಗಿನ ಬಸ್ಸಿಗೆ ಹೊರಡುವ ಆತುರದಲ್ಲಿ ನೀವು ಬರೀ ಟೀ ಕುಡಿದು ಹೋಗಿರಬಹುದು ಎಂಬ ಅನುಮಾನ ನನಗಿದೆ. ಒಂದು ಬಾಳೆಹಣ್ಣು, ಎರಡು ಲೋಟ ನೀರು ಆದರೂ ಹೊಟ್ಟೆಗೆ ಬೀಳಲಿ. ಪ್ರೋಟೀನ್ ಪುಡಿಯ ಡಬ್ಬಿಗೆ ದುಡ್ಡು ಹಾಕಬೇಡಿ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಡಲೆಕಾಯಿ ಬೀಜದಲ್ಲಿ ಅದಕ್ಕಿಂತ ತುಸು ಹೆಚ್ಚು. ಮುದ್ದೆ, ಹುರುಳಿ ಸಾರು, ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಇದ್ದರೆ ಸ್ನಾಯು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬೆವರು ಸುರಿದ ಮೇಲೆ ನುಂಗುವ ಅಭ್ಯಾಸ ಬೇಡವೇ ಬೇಡ. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಕೆಟ್ಟದ್ದು.

ಒಂದು ಸೂಚನೆಯನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿ ಬಂದರೆ, ತೊಡೆ ಊದಿ ಕಲ್ಲಿನಂತಾದರೆ ಅಂದೇ ಆಸ್ಪತ್ರೆಗೆ ಹೋಗಿ. ಅಳತೆ ಮೀರಿದ ಶ್ರಮದಿಂದ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿದಾಗ ಮೂತ್ರಪಿಂಡಗಳು ಕಟ್ಟಿಕೊಳ್ಳುತ್ತವೆ. ಅಪರೂಪ, ಆದರೆ ಇಂಥದ್ದು ಆಗುವುದು ಹೆಚ್ಚಾಗಿ ಹೊಸಬರಿಗೆ, ನೂರಾರು ಬಸ್ಕಿ ಹೊಡೆದ ಮೊದಲ ದಿನಗಳಲ್ಲೇ. ಎದೆನೋವು, ತಲೆಸುತ್ತಿ ಬೀಳುವುದು, ಒಂದೇ ಮಂಡಿಯಲ್ಲಿ ಚುಚ್ಚುವ ನೋವು ಇವೂ ಸ್ನಾಯುವಿನ ಸಾಮಾನ್ಯ ನೋವಿನ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಹೆಣ್ಣುಮಕ್ಕಳಿಗೆ ಹೇಳದೆ ನನಗೆ ಸಮಾಧಾನವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲ ಸುತ್ತಿಗೇ ಎದೆ ಹೊಡೆದುಕೊಂಡು ಕಣ್ಣು ಕತ್ತಲೆ ಬಂದರೆ ‘ನನಗೆ ಸಾಮರ್ಥ್ಯವಿಲ್ಲ’ ಎಂದುಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಿ. ಊಟದ ಜೊತೆಗೇ ಟೀ, ಕಾಫಿ ಕುಡಿಯುವುದನ್ನು ಬಿಡಿ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಮತ್ತೆ ಮೈದಾನಕ್ಕೆ ಹೋದಾಗ ವಾರ್ಮ್ ಅಪ್ ಶುರುವಾಗುವ ಮೊದಲೇ ತರಬೇತುದಾರರ ಬಳಿ ಹೋಗಿ ನಿಂತು, “ಸರ್, ಎರಡು ವಾರ ನಾನು ಅರ್ಧ ಎಣಿಕೆ ಮಾಡುತ್ತೇನೆ” ಎಂದು ಹೇಳಿಬಿಡಿ.